ಹಳೇ ಸಿಡಿ, ಎಲ್‌ಪಿ: ಚಾರಿಟಿ ಅಂಗಡಿಯಲ್ಲೋ, ರೆಕಾರ್ಡ್ ಅಂಗಡಿಯಲ್ಲೋ, ಆನ್‌ಲೈನಲ್ಲೋ?

ಒಂದು ವರ್ಷ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟೆ. ಕೊಂಡ ಪ್ರತಿ ಡಿಸ್ಕಿಗೂ ಒಂದು ಸಾಲು. ಎಲ್ಲಿ ಕೊಂಡೆ, ಎಷ್ಟು ಕೊಟ್ಟೆ, ಪೂರ್ತಿ ಕೇಳಲು ಬಂತಾ, ಎರಡನೇ ಸಲ ಹಾಕಬೇಕು ಅನಿಸಿತಾ. ಈ ಕೊನೆಯ ಎರಡು ಪ್ರಶ್ನೆಗಳೇ ನನ್ನ ಲೆಕ್ಕವನ್ನು ಬುಡಮೇಲು ಮಾಡಿದವು. ಅಗ್ಗಕ್ಕೆ ಸಿಕ್ಕಿತು ಅಂತ ಹತ್ತು ಎಲ್‌ಪಿ (ಸೂಜಿ ಇಟ್ಟು ಕೇಳುವ ದೊಡ್ಡ ಕಪ್ಪು ತಟ್ಟೆ) ತಂದು, ಅದರಲ್ಲಿ ಆರು ಬರೀ ಕರಕರ ಅಂದರೆ, ಉಳಿದ ನಾಲ್ಕಕ್ಕೆ ಹತ್ತರ ದುಡ್ಡು ಕೊಟ್ಟ ಹಾಗೆ ಅಲ್ವಾ?

ಹಾಗಾಗಿ ನಾನು ಹೋಲಿಸಿದ್ದು ಚೀಟಿಯ ಮೇಲಿನ ಬೆಲೆಯನ್ನಲ್ಲ. ನಿಜವಾಗಿ ಕೇಳಲು ಬಂದ ಒಂದೊಂದು ಡಿಸ್ಕಿಗೆ ಬಿದ್ದ ಖರ್ಚನ್ನು. ಆ ಲೆಕ್ಕದಲ್ಲಿ ಸಿಡಿಗೆ ಚಾರಿಟಿ ಅಂಗಡಿಯ, ಅಂದರೆ ಜನ ದಾನ ಕೊಟ್ಟ ಹಳೇ ಸಾಮಾನನ್ನು ಸೇವಾಕಾರ್ಯಕ್ಕಾಗಿ ಮಾರುವ ಅಂಗಡಿಯ, ಸಮ ಯಾವುದೂ ಇಲ್ಲ. ಎಲ್‌ಪಿಗೆ ಅದೇ ಅಂಗಡಿ ಕೊನೆಯ ಸ್ಥಾನ. ಬೇರೆಯವರ ಅನುಭವ ಬೇರೆ ಇರಬಹುದು, ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಇದು ಅನುಮಾನಕ್ಕೆ ಜಾಗವಿಲ್ಲದಷ್ಟು ಸ್ಪಷ್ಟವಾಗಿದೆ.

ಚಾರಿಟಿ ಅಂಗಡಿಯ ಸಿಡಿ ಕಪಾಟು

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಆಮೇಲೆ ಎರಡು ದಶಕ ಜನ ರಾಶಿ ರಾಶಿ ಕೊಂಡರು. ಈಗ ಹೆಚ್ಚಿನವರು ಫೋನಿನಲ್ಲೇ ಕೇಳುತ್ತಾರೆ. ಪ್ಲೇಯರ್ ಕೆಟ್ಟರೆ ಇನ್ನೊಂದು ತರುವುದಿಲ್ಲ. ಮನೆ ಬದಲಿಸುವಾಗ ಅಥವಾ ಹಿರಿಯರೊಬ್ಬರು ತೀರಿಕೊಂಡಾಗ ಇಡೀ ಕಪಾಟೇ ಒಂದೇ ದಿನ ಚಾರಿಟಿ ಅಂಗಡಿ ಸೇರುತ್ತದೆ. ಅಲ್ಲಿ ವಿಂಗಡಿಸುವವರಿಗೆ ಒಂದೊಂದನ್ನೂ ತೂಗಿ ನೋಡಲು ಪುರುಸೊತ್ತಿರುವುದಿಲ್ಲ. ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ ಬೆಲೆ. ಎಲ್ಲ ಕಡೆ ಸಿಗುವ ಹಿಟ್ ಹಾಡುಗಳ ಸಂಕಲನಕ್ಕೂ ಅಷ್ಟೇ, ಮತ್ತೆ ಅಚ್ಚಾಗದ ಅಪರೂಪದ ಡಿಸ್ಕಿಗೂ ಅಷ್ಟೇ.

ಇದರಿಂದ ನಾನು ಕಲಿತ ಒಂದು ಉಪಾಯ ಇದೆ. ಒಂದು ಒಳ್ಳೆಯದು ಕಣ್ಣಿಗೆ ಬಿದ್ದರೆ ಅಲ್ಲೇ ನಿಲ್ಲಬೇಕು. ಅದರ ಅಕ್ಕಪಕ್ಕ, ಮೇಲಿನ ಸಾಲು, ಕೆಳಗಿನ ಸಾಲು ಎಲ್ಲ ಜಾಲಾಡಬೇಕು. ಏಕೆಂದರೆ ಅದು ಒಂಟಿಯಾಗಿ ಬಂದಿರುವುದಿಲ್ಲ. ಒಬ್ಬರು ಮೂವತ್ತು ವರ್ಷ ಆರಿಸಿ ಆರಿಸಿ ಕೂಡಿಸಿದ ಸಂಗ್ರಹದ ಒಂದು ತುಂಡು ಅದು. ಉಳಿದ ತುಂಡುಗಳೂ ಅಲ್ಲೇ ಎಲ್ಲೋ ಇರುತ್ತವೆ. ಒಂದು ಸಲ ಹೀಗೆ ಒಂದು ಪಿಯಾನೋ ಡಿಸ್ಕ್ ಸಿಕ್ಕಿತು. ಅದರ ಬೆನ್ನು ಹಿಡಿದು ಹೋದರೆ ಒಟ್ಟು ಹದಿನಾಲ್ಕು. ಎಲ್ಲದರ ಒಳಗೂ ಒಂದೇ ಕೈಬರಹದಲ್ಲಿ, ಪೆನ್ಸಿಲಿನಲ್ಲಿ ಕೊಂಡ ತಾರೀಖು ಬರೆದಿತ್ತು. ಅವರು ಯಾರೋ ಗೊತ್ತಿಲ್ಲ. ಅವರ ಕಿವಿ ಮಾತ್ರ ಬಹಳ ಚೆನ್ನಾಗಿತ್ತು. ನನಗೆ ಹೆಸರೇ ಗೊತ್ತಿಲ್ಲದ ಸಂಗೀತವನ್ನು ಆ ಹದಿನಾಲ್ಕು ಡಿಸ್ಕುಗಳು ಪರಿಚಯ ಮಾಡಿಸಿದವು. ರೆಕಾರ್ಡ್ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಇಂಥದ್ದು ಆಗುವುದಿಲ್ಲ. ಅಲ್ಲಿ ಸಂಗ್ರಹವನ್ನು ಒಡೆದು, ಅಕ್ಷರಕ್ರಮದಲ್ಲಿ ಹಂಚಿಬಿಟ್ಟಿರುತ್ತಾರೆ.

ಇನ್ನು ಪರೀಕ್ಷೆ. ಪೆಟ್ಟಿಗೆ ತೆಗೆಯದೆ ಸಿಡಿ ಕೊಳ್ಳಲೇಬಾರದು. ಒಳಗೆ ಡಿಸ್ಕೇ ಇಲ್ಲದ್ದು, ಬೇರೆ ಡಿಸ್ಕ್ ಇದ್ದದ್ದು, ಎರಡರಲ್ಲಿ ಒಂದು ಮಾತ್ರ ಇದ್ದದ್ದು, ಮೂರೂ ನನಗೆ ಸಿಕ್ಕಿವೆ. ಡಿಸ್ಕ್ ಇದ್ದರೆ ಮೊದಲು ಹೆಸರು ಅಚ್ಚಾದ ಬದಿಯನ್ನು ನೋಡಿ. ಎಲ್ಲರೂ ಹೊಳೆಯುವ ಬದಿಯ ಗೀರಿಗೆ ಹೆದರುತ್ತಾರೆ. ಆದರೆ ಸಿಡಿಯ 1.2 ಮಿಲಿಮೀಟರ್ ದಪ್ಪದಲ್ಲಿ ಹೆಚ್ಚುಪಾಲು ಕೆಳಗಿನ ಪ್ಲಾಸ್ಟಿಕ್ಕೇ. ಹಾಡನ್ನು ಹಿಡಿದಿಟ್ಟ ತೆಳು ಅಲ್ಯೂಮಿನಿಯಂ ಪದರ ಇರುವುದು ಮೇಲೆ, ಹೆಸರಿನ ಅಚ್ಚಿಗೆ ಅಂಟಿಕೊಂಡ ಹಾಗೆ. ಅದನ್ನು ಕಾಯುವುದು ಒಂದು ಪದರ ವಾರ್ನಿಶ್ ಮಾತ್ರ. ಅಲ್ಲಿ ಆಳವಾಗಿ ಗೀರಿದರೆ ಮಾಹಿತಿಯೇ ಕಿತ್ತುಹೋಗುತ್ತದೆ. ಡಿಸ್ಕನ್ನು ದೀಪಕ್ಕೆ ಹಿಡಿದು ನೋಡಿ. ಸೂಜಿಮೊನೆಯಂಥ ಬೆಳಕಿನ ಚುಕ್ಕಿ ಒಂದೆರಡು ಕಂಡರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನಕ್ಷತ್ರದ ಹಾಗೆ ಚೆಲ್ಲಿದ್ದರೆ ವಾಪಸ್ ಇಡಿ.

ಕೆಳಗಿನ ಬದಿಯಲ್ಲಿ ಗೀರು ಯಾವ ದಿಕ್ಕಿಗಿದೆ ಅನ್ನುವುದು ಮುಖ್ಯ. ನಡುವಿನಿಂದ ಅಂಚಿಗೆ ನೇರವಾಗಿ ಹೋದ ಗೀರನ್ನು ಪ್ಲೇಯರ್ ಸಂಭಾಳಿಸುತ್ತದೆ. ಹಾಡಿನ ಜಾಡಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಮಾಹಿತಿ ಸತತವಾಗಿ ಕಳೆದುಹೋದರೂ ಅದನ್ನು ಪೂರ್ತಿ ಸರಿಪಡಿಸಿಕೊಳ್ಳುವ ವ್ಯವಸ್ಥೆ ಸಿಡಿಯಲ್ಲೇ ಇದೆ. ಗೀರು ಸುತ್ತ ಬಳಸಿಕೊಂಡು ಹೋಗಿದ್ದರೆ ಮಾತ್ರ ಕಷ್ಟ. ಅದು ಜಾಡಿನ ಜೊತೆಯಲ್ಲೇ ಸಾಗುತ್ತದೆ. ಒರೆಸುವಾಗಲೂ ಇದೇ ಕಾರಣಕ್ಕೆ ಒಳಗಿನಿಂದ ಹೊರಗೆ ನೇರವಾಗಿ ಒರೆಸಬೇಕು. ಸುತ್ತಿ ಒರೆಸಬಾರದು.

ಇನ್ನೊಂದು ವಿಷಯ. ಅಂಚಿನಿಂದ ಕಂಚಿನ ಬಣ್ಣ ತಿರುಗಿದ ಡಿಸ್ಕ್ ಕಂಡರೆ ಬಿಟ್ಟುಬಿಡಿ. 1980ರ ದಶಕದ ಕೊನೆ, 90ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಕೆಲವು ಡಿಸ್ಕುಗಳಿಗೆ ಹಚ್ಚಿದ ವಾರ್ನಿಶ್, ಪೆಟ್ಟಿಗೆಯೊಳಗಿನ ಕಾಗದದಲ್ಲಿದ್ದ ಗಂಧಕದ ಅಂಶವನ್ನು ತಡೆಯಲಿಲ್ಲ. ಒಳಗಿನ ಲೋಹ ನಿಧಾನವಾಗಿ ಕೆಡುತ್ತಾ ಹೋಯಿತು. ಇವತ್ತು ಹಾಡಿದರೂ ಮುಂದೆ ನಂಬಿಕೆ ಇಲ್ಲ.

ಹಾಗಂತ ಹಳೆಯ ಡಿಸ್ಕುಗಳನ್ನೆಲ್ಲ ದೂರ ಇಡಬೇಡಿ. ನನಗಂತೂ 80ರ ದಶಕದ ಸಿಡಿ ಸಿಕ್ಕರೆ ಹಬ್ಬ. 90ರ ದಶಕದ ನಡುವಿನಿಂದ ಎಷ್ಟೋ ಆಲ್ಬಮ್ಮುಗಳನ್ನು ಮರು-ಮಾಸ್ಟರ್ ಮಾಡುವಾಗ, ಅಂದರೆ ಹಳೇ ಧ್ವನಿಮುದ್ರಣವನ್ನು ಹೊಸ ಅಚ್ಚಿಗೆ ಮತ್ತೆ ಹದಗೊಳಿಸುವಾಗ, ಸದ್ದನ್ನು ಒಂದೇ ಸಮ ಏರಿಸಿಬಿಟ್ಟರು. ಮೆಲ್ಲಗಿನ ಜಾಗ, ಜೋರಿನ ಜಾಗ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಅದೇ ಆಲ್ಬಮ್ಮಿನ ಹಳೇ ಅಚ್ಚಿನಲ್ಲಿ ಸದ್ದು ಕಡಿಮೆ ಅನಿಸುತ್ತದೆ. ವಾಲ್ಯೂಮ್ ಸ್ವಲ್ಪ ತಿರುಗಿಸಿ. ಆಗ ಉಸಿರಾಟ ಕೇಳಿಸುತ್ತದೆ. ಅಂಗಡಿಯವರಿಗೆ ಇದು ಹಳೇ ಸರಕು. ನನಗೆ ಅದೇ ಬೇಕು.

ಅದೇ ಅಂಗಡಿಯ ಎಲ್‌ಪಿ ಪೆಟ್ಟಿಗೆ

ಇಲ್ಲಿ ಕಥೆಯೇ ಬೇರೆ. ಎಲ್‌ಪಿಗೆ ಮತ್ತೆ ಬೇಡಿಕೆ ಬಂದಿದೆ ಅಂತ ಎಲ್ಲರಿಗೂ ಗೊತ್ತು. ವ್ಯಾಪಾರಿಗಳು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಬಂದು ಆರಿಸಿಕೊಂಡು ಹೋಗುತ್ತಾರೆ. ನಾವು ಮಧ್ಯಾಹ್ನ ಹೋದರೆ ಉಳಿದದ್ದು ಸಿಗುತ್ತದೆ.

ಬೆಲೆಯೂ ಈಗ ಮೊದಲಿನಂತಿಲ್ಲ. ಒಂದು ಚಾರಿಟಿ ಅಂಗಡಿಯಲ್ಲಿ ಆನ್‌ಲೈನ್ ಬೆಲೆ ನೋಡಿ, ಅದನ್ನೇ ಚೀಟಿ ಮಾಡಿ ಅಂಟಿಸಿದ್ದರು. ಆನ್‌ಲೈನಿನಲ್ಲಿ ಆ ಬೆಲೆ ಇದ್ದದ್ದು ಹೊಸದರಂತಿರುವ ಪ್ರತಿಗೆ. ಇವರ ಕೈಯಲ್ಲಿದ್ದ ಪ್ರತಿಯ ಮೇಲೆ ಉಗುರಿಗೆ ಸಿಗುವಂಥ ಗೀರು ಇತ್ತು. ಹೇಳಿದೆ, ಕೇಳಲಿಲ್ಲ. ಬೇಜಾರಾಯಿತು.

ಸ್ಥಿತಿಯ ಸಮಸ್ಯೆ ಇನ್ನೂ ದೊಡ್ಡದು. ಸಿಡಿಗೆ ಲೇಸರ್ ಬೆಳಕು ತಾಗುತ್ತದೆ ಅಷ್ಟೇ, ಸವೆಯುವುದಿಲ್ಲ. ಎಲ್‌ಪಿಯ ಗೆರೆಯೊಳಗೆ ಸೂಜಿ ಒತ್ತಿಕೊಂಡು ಓಡುತ್ತದೆ. ಇವತ್ತಿನ ಒಳ್ಳೆಯ ಟರ್ನ್‌ಟೇಬಲ್ಲಿನಲ್ಲಿ ಆ ಒತ್ತಡ ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಹಳೇ ಕಾಲದ ಅಗ್ಗದ ಪ್ಲೇಯರುಗಳಲ್ಲಿ ಅದರ ಎರಡು ಮೂರು ಪಟ್ಟು ಇರುತ್ತಿತ್ತು. ಅದರ ಜೊತೆ ಸವೆದ ಸೂಜಿ. ಅಂಥದ್ದರಲ್ಲಿ ನೂರು ಸಲ ತಿರುಗಿದ ಎಲ್‌ಪಿಯನ್ನು ಎಷ್ಟು ತೊಳೆದರೂ ಆ ಕರ್ಕಶ ಹೋಗುವುದಿಲ್ಲ. ಅದು ಕೊಳೆಯಲ್ಲ, ಗಾಯ.

ನೋಡುವುದು ಹೇಗೆ? ಡಿಸ್ಕನ್ನು ಪೂರ್ತಿ ಹೊರಗೆ ತೆಗೆದು ಬೆಳಕಿನ ಕೆಳಗೆ ಓರೆ ಮಾಡಿ. ಕಪ್ಪು ಹೊಳಪು ಹೋಗಿ ಬೂದಿ ಬಣ್ಣ ತಿರುಗಿದ್ದರೆ ಸವೆದಿದೆ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ನೋಡಿ. ಪ್ರತಿ ಸಲ ಡಿಸ್ಕ್ ಕೂರಿಸುವಾಗ ತೂತು ಸಿಗದೆ ತಡಕಾಡಿದ ಗುರುತು ಅಲ್ಲಿ ಬೀಳುತ್ತದೆ. ಗುರುತು ಜಾಸ್ತಿ ಇದ್ದರೆ ಆ ಡಿಸ್ಕನ್ನು ಯಾರೋ ಬಹಳ ಪ್ರೀತಿಯಿಂದ ಕೇಳಿದ್ದಾರೆ ಅಂತ ಅರ್ಥ. ಕೊಳ್ಳುವವರಿಗೆ ಅದು ಒಳ್ಳೆಯ ಸುದ್ದಿಯಲ್ಲ. ಆಮೇಲೆ ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯಾ ನೋಡಿ. ಇಷ್ಟೆಲ್ಲ ನೋಡಿ ಆರಿಸಿದ್ದರಲ್ಲೂ ನನಗೆ ನೆಮ್ಮದಿಯಿಂದ ಕೇಳಲು ಬಂದದ್ದು ಅರ್ಧಕ್ಕಿಂತ ಕಡಿಮೆ.

ಒಂದೇ ಒಂದು ವಿಭಾಗ ಇದಕ್ಕೆ ಹೊರತು: ಶಾಸ್ತ್ರೀಯ ಸಂಗೀತ. ಅದನ್ನು ಕೊಂಡವರು ಜೋಪಾನವಾಗಿ ಇಟ್ಟಿರುತ್ತಾರೆ, ವ್ಯಾಪಾರಿಗಳು ಹೆಚ್ಚಾಗಿ ಮುಟ್ಟುವುದಿಲ್ಲ. ಒಳ್ಳೆಯವು ಅಲ್ಲಿಯೇ ಸಿಕ್ಕಿವೆ.

78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ತಟ್ಟೆಗಳೂ ಸಿಗುತ್ತವೆ, ಭಾರವಾಗಿ, ಗಾಜಿನಷ್ಟು ಸುಲಭಕ್ಕೆ ಒಡೆಯುವಂಥವು. ಅವುಗಳ ಗೆರೆ ಅಗಲ, ಅದಕ್ಕೆ ಬೇರೆ ಸೂಜಿ ಬೇಕು. ಇವು ಹೆಚ್ಚಾಗಿ ಅರಗಿನವು, ಸ್ಪಿರಿಟ್ ತಾಗಿಸಬೇಡಿ, ಕರಗಿಬಿಡುತ್ತದೆ.

ರೆಕಾರ್ಡ್ ಅಂಗಡಿ

ಬೆಲೆ ಜಾಸ್ತಿ. ಆದರೆ ತೊಳೆದಿರುತ್ತಾರೆ, ನೋಡಿರುತ್ತಾರೆ, ದರ್ಜೆ ಬರೆದಿರುತ್ತಾರೆ. ಮಿಂಟ್ (ಹೊಚ್ಚ ಹೊಸದು), ನಿಯರ್ ಮಿಂಟ್ (ಹೊಸದರಂತೆ), ವಿಜಿ ಪ್ಲಸ್, ವಿಜಿ (ವೆರಿ ಗುಡ್) ಅಂತ ಇಳಿಯುತ್ತಾ ಹೋಗುವ ಆ ದರ್ಜೆಗಳಲ್ಲಿ ನಾನು ವಿಜಿ ಪ್ಲಸ್‌ಗಿಂತ ಕೆಳಗೆ ಹೋಗುವುದಿಲ್ಲ. 'ಗುಡ್' ಅಂತ ಬರೆದಿದ್ದರೆ ಒಳ್ಳೆಯದು ಅಂತ ತಿಳಿಯಬೇಡಿ. ಈ ಲೋಕದಲ್ಲಿ ಗುಡ್ ಅಂದರೆ ಕೇಳಲು ಸಾಕಷ್ಟು ಕಷ್ಟ ಅಂತ.

ನನ್ನ ಪಾಲಿಗೆ ಅಲ್ಲಿಯ ದೊಡ್ಡ ಉಪಕಾರ ಕೇಳಿ ನೋಡುವ ಟರ್ನ್‌ಟೇಬಲ್. ಡಿಸ್ಕಿನ ಕೊನೆಯ ಹಾಡು ಹಾಕಿಸಿ ಕೇಳಿ, ಮೊದಲನೆಯದಲ್ಲ. ಲೇಬಲ್ಲಿಗೆ ಹತ್ತಿರ ಬಂದಂತೆ ಗೆರೆಯ ಸುತ್ತಳತೆ ಕಡಿಮೆಯಾಗುತ್ತದೆ, ಸವೆತ ಅಲ್ಲೇ ಮೊದಲು ಬಯಲಾಗುತ್ತದೆ. ಅಲ್ಲಿ ಹಾಡುವವರ 'ಸ', 'ಶ' ಚೊಕ್ಕವಾಗಿ ಕೇಳಿಸಿದರೆ ಕಣ್ಣುಮುಚ್ಚಿ ಕೊಳ್ಳಬಹುದು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ, ಕೇಳಲು ಬಂದ ಒಂದು ಎಲ್‌ಪಿಗೆ ಅತಿ ಕಡಿಮೆ ಬಿದ್ದದ್ದು ಇಲ್ಲಿಯೇ. ಅದರಲ್ಲೂ ನೆಲದ ಮೇಲೆ, ಮೇಜಿನ ಕೆಳಗೆ ಇಟ್ಟಿರುವ ರಿಯಾಯಿತಿ ಪೆಟ್ಟಿಗೆಗಳನ್ನು ಬಿಡಬೇಡಿ. ಮಂಡಿಯೂರಿ ಕೂರುವವರು ಕಡಿಮೆ.

ಸಿಡಿಗೆ ಮಾತ್ರ ಇಲ್ಲಿಗೆ ಬರಬೇಕಾಗಿಲ್ಲ.

ಆನ್‌ಲೈನ್

ಇಂಥದ್ದೇ ಬೇಕು ಅಂತ ಗೊತ್ತಿದ್ದರೆ ಆನ್‌ಲೈನ್. ಡಿಸ್ಕಾಗ್ಸ್ ಅನ್ನುವ ಜಾಲತಾಣ 2000ದಲ್ಲಿ ಶುರುವಾಯಿತು. ಒಂದೇ ಆಲ್ಬಮ್ಮಿನ ಬೇರೆ ಬೇರೆ ಅಚ್ಚುಗಳನ್ನು ಜನರೇ ಸೇರಿ ಅಲ್ಲಿ ಪಟ್ಟಿ ಮಾಡಿದ್ದಾರೆ. ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ನಂಬರ್ ನೋಡಿ ನಮ್ಮ ಕೈಲಿರುವುದು ಯಾವ ಅಚ್ಚು ಅಂತ ಪತ್ತೆ ಹಚ್ಚಬಹುದು. ಕೊಳ್ಳದಿದ್ದರೂ ಸುಮ್ನೆ ಕೂತು ಓದಲು ನನಗೆ ಇಷ್ಟ.

ಕೊಳ್ಳುವಾಗ ನಂಬಬೇಕಾದ್ದು ಮಾರುವವರ ಕಣ್ಣನ್ನು. ಒಬ್ಬರು ನಿಯರ್ ಮಿಂಟ್ ಅಂತ ಕಳಿಸಿದ ಎಲ್‌ಪಿ ಬರುವಷ್ಟರಲ್ಲಿ ಕವರಿನ ಅಂಚು ಸೀಳಿಹೋಗಿತ್ತು. ಡಿಸ್ಕನ್ನು ಕವರಿನ ಒಳಗೇ ಇಟ್ಟು ಕಳಿಸಿದರೆ ದಾರಿಯ ಕುಲುಕಾಟದಲ್ಲಿ ಅದು ಕತ್ತಿಯ ಹಾಗೆ ಕೊಯ್ಯುತ್ತದೆ. ಡಿಸ್ಕನ್ನು ಹೊರಗೆ ತೆಗೆದು, ಕವರಿನ ಹಿಂದೆ ಇಟ್ಟು ಕಳಿಸಿ ಅಂತ ಈಗ ಮೊದಲೇ ಬರೆಯುತ್ತೇನೆ. ಅಂಚೆ ಖರ್ಚೂ ಇದೆ. ಒಂದೇ ಡಿಸ್ಕಿಗೆ ಅದು ಹೊರೆ. ಒಬ್ಬರ ಹತ್ತಿರವೇ ನಾಲ್ಕೈದು ಕೊಂಡರೆ ಹಗುರ.

ಆದರೂ ಒಂದು ಸಲ ಒಂದೇ ಡಿಸ್ಕಿಗೆ ಆ ಹೊರೆ ಹೊತ್ತೆ. ಚಾರಿಟಿ ಅಂಗಡಿಯಲ್ಲಿ ಮೂರು ಸಿಡಿಯ ಒಂದು ಒಪೆರಾ ಪೆಟ್ಟಿಗೆ ಸಿಕ್ಕಿತ್ತು. ತೆಗೆದು ನೋಡಿದರೆ ಮೂರನೆಯದು ಇಲ್ಲ. ದಪ್ಪ ಪುಸ್ತಕ ಇತ್ತು, ಎರಡು ಡಿಸ್ಕ್ ಹೊಸದರಂತೆ ಇದ್ದವು. ಬಿಡಲು ಮನಸ್ಸಾಗಲಿಲ್ಲ. ಎರಡು ಅಂಕ ಕೇಳಿ, ಕಥೆ ಮುಗಿಯುವ ಮೊದಲೇ ಎಂಟು ತಿಂಗಳು ಕಾದೆ. ಕೊನೆಗೆ ಆನ್‌ಲೈನಿನಲ್ಲಿ ಯಾರೋ ಬರೀ ಮೂರನೇ ಡಿಸ್ಕನ್ನು ಮಾರಾಟಕ್ಕೆ ಇಟ್ಟಿದ್ದರು, ಪೆಟ್ಟಿಗೆ ಇಲ್ಲದೆ, ಬಿಳಿ ಕಾಗದದ ಕವರಿನಲ್ಲಿ. ಅದರ ಅಂಚೆ ಖರ್ಚೇ ಮೊದಲ ಎರಡು ಡಿಸ್ಕಿನ ಬೆಲೆಗಿಂತ ಜಾಸ್ತಿ ಆಯಿತು. ಬಂದ ದಿನ ರಾತ್ರಿ ಮೊದಲ ಅಂಕದಿಂದ ಕೊನೆಯವರೆಗೆ ಒಂದೇ ಸಲ ಕೂತು ಕೇಳಿದೆ. ನೋಟ್‌ಬುಕ್ಕಿನಲ್ಲಿ ಅದರ ಸಾಲಿನ ಮುಂದೆ 'ಎಲ್ಲಿ ಕೊಂಡೆ' ಅನ್ನುವ ಜಾಗದಲ್ಲಿ ಎರಡು ಹೆಸರು ಬರೆದಿದ್ದೇನೆ.