ಬೋರ್ ನೀರಿನ ಕೆಂಪಿಗೆ ಕಾರ್ಟ್ರಿಡ್ಜ್, ಆರ್‌ಒ, ಮರಳು: ಮೂರನ್ನೂ ಬಳಸಿ ನೋಡಿದ್ದು

ನಮ್ಮ ಮನೆ ಪೆರ್ಲದ ಹತ್ತಿರ. ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿ ಏಪ್ರಿಲ್ ಹೊತ್ತಿಗೆ ತಳ ಕಾಣುತ್ತದೆ. ಆಮೇಲೆ ಮಳೆ ಬರುವವರೆಗೆ ಬೋರ್ ನೀರೇ ಗತಿ. ಕೊಡಪಾನಕ್ಕೆ ಬೀಳುವಾಗ ಆ ನೀರು ಕನ್ನಡಿಯಷ್ಟು ತಿಳಿ. ಬೆಳಿಗ್ಗೆ ನೋಡಿದರೆ ಮೇಲೆ ಎಣ್ಣೆಯಂಥ ಪರೆ, ತಳದಲ್ಲಿ ಕೆಂಪು ಕೆಸರು. ಚಾ ಮಾಡಿದರೆ ಕಪ್ಪು. ಅಮ್ಮ ಬಿಳಿ ಬಟ್ಟೆಗಳನ್ನು ಬಾವಿ ನೀರು ಸಿಗುವ ದಿನಕ್ಕೆಂದೇ ಎತ್ತಿಡುತ್ತಿದ್ದರು.

ನೀರು ಪರೀಕ್ಷೆ ಮಾಡಿಸಿದೆ. ಕಬ್ಬಿಣ ಲೀಟರಿಗೆ 3 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 1 ದಾಟಬಾರದು. ಹುಳಿ ಅಳೆಯುವ ಪಿಎಚ್ 6.2, ಇರಬೇಕಾದದ್ದು 6.5ರಿಂದ 8.5; ಅದಕ್ಕಿಂತ ಕಡಿಮೆ ಅಂದರೆ ನೀರು ಹುಳಿ. ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕ, 110 ಮಾತ್ರ, 500ರವರೆಗೂ ತೊಂದರೆಯಿಲ್ಲ.

ಮೊದಲು ಪೈಪಿಗೆ ಕಾರ್ಟ್ರಿಡ್ಜ್ ಫಿಲ್ಟರ್ ಹಾಕಿಸಿದೆವು. ಅದು ಮಣ್ಣನ್ನು ಹಿಡಿಯಿತು, ಕೆಂಪನ್ನು ಹಿಡಿಯಲಿಲ್ಲ. ಕಬ್ಬಿಣ ಆಗಿನ್ನೂ ನೀರಲ್ಲಿ ಕರಗಿಯೇ ಇರುತ್ತದಲ್ವಾ? ಗಾಳಿ ತಾಗಿ ತುಕ್ಕಿನ ಕಣವಾದರೆ ತಾನೇ ಜಾಲರಿಗೆ ಸಿಗುವುದು.

ಆಮೇಲೆ ಅಡುಗೆಮನೆಗೆ ಆರ್‌ಒ ಬಂತು. ನೀರು ಚೆನ್ನಾಗಿಯೇ ಬರುತ್ತಿತ್ತು, ಚಾ ಕೂಡ ಕಪ್ಪಾಗಲಿಲ್ಲ. ಆದರೆ ಒಂದು ಲೀಟರ್ ಸಿಗಬೇಕಾದರೆ ಎರಡು ಲೀಟರ್ ಹೊರಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಅದನ್ನು ನೋಡುವುದೇ ಸಂಕಟ. ತುಕ್ಕು ಕಟ್ಟಿ ಅದರೊಳಗಿನ ಸೋಸುವ ಪೊರೆ (ಮೆಂಬ್ರೇನ್) ಒಂದು ವರ್ಷವೂ ಬಾಳಲಿಲ್ಲ. ಟಿಡಿಎಸ್ 110 ಇರುವ ನೀರಿಗೆ ಆರ್‌ಒ ಬೇಡವೇ ಬೇಡ. ಇದ್ದ ಸ್ವಲ್ಪ ಲವಣವನ್ನೂ ಅದು ಸುಮ್ನೆ ತೆಗೆಯುತ್ತದೆ. ಬಚ್ಚಲಿಗೆ, ಬಟ್ಟೆಗೆ ಹೋಗುವ ನೀರು ಮೊದಲಿನ ಹಾಗೆಯೇ ಕೆಂಪು.

ಈಗ ಇರುವುದು ಮೂರು ಡ್ರಮ್ಮು. ಬೋರ್ ನೀರು ತೂತು ಕೊರೆದ ಪೈಪಿನಿಂದ ಮಳೆ ಹನಿಯಂತೆ ಮೊದಲನೆಯದಕ್ಕೆ ಬೀಳುತ್ತದೆ. ಗಾಳಿ ತಾಗುವುದು ಅಲ್ಲೇ. ಅದರಲ್ಲಿ ಸುಣ್ಣಕಲ್ಲಿನ ಚೂರು ತುಂಬಿದ್ದೇನೆ. ಹುಳಿ ನೀರಲ್ಲಿ ಕರಗಿದ ಕಬ್ಬಿಣ ಬೇಗ ತುಕ್ಕಾಗುವುದಿಲ್ಲ, ಸುಣ್ಣಕಲ್ಲು ಆ ಹುಳಿಯನ್ನು ಇಳಿಸುತ್ತದೆ. ಎರಡನೆಯದರಲ್ಲಿ ನೀರು ರಾತ್ರಿಯಿಡೀ ನಿಲ್ಲುತ್ತದೆ. ಮೂರನೆಯದರಲ್ಲಿ ತಳಕ್ಕೆ ಜಲ್ಲಿ, ಮೇಲೆ ಎರಡಡಿ ಮರಳು. ಮೊದಲ ಸಲ ಈ ಸುಣ್ಣಕಲ್ಲು ಹಾಕದೆ ಮಾಡಿದ್ದೆ, ಕೆಂಪು ಅರ್ಧಕ್ಕರ್ಧ ಮರಳು ದಾಟಿ ಬಂದಿತ್ತು. ಹಾಕಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ ಕಬ್ಬಿಣ 0.3ಕ್ಕೆ ಇಳಿದಿತ್ತು.

ಕೆಲಸ ಇಲ್ಲ ಅಂತಲ್ಲ. ಹದಿನೈದು ದಿನಕ್ಕೊಮ್ಮೆ ಮರಳಿನ ಮೇಲ್ಪದರ ಕೆರೆದು ತೊಳೆಯಬೇಕು. ಕೈಗೆ ಹತ್ತುವ ಆ ಕೆಸರು ಕುಂಕುಮದಷ್ಟು ನುಣ್ಣಗೆ. ಇಷ್ಟು ದಿನ ನಮ್ಮ ಹೊಟ್ಟೆಗೆ ಹೋಗುತ್ತಿದ್ದದ್ದು ಇದೇ.

ಅಕ್ಕನ ಮನೆಯಲ್ಲಿ ಐರನ್ ಫಿಲ್ಟರಿನ ದೊಡ್ಡ ಸಿಲಿಂಡರ್ ಇದೆ. ಜಾಗ ಕಡಿಮೆ ಸಾಕು, ವಾಲ್ವ್ ತಿರುಗಿಸಿದರೆ ತಾನೇ ತೊಳೆದುಕೊಳ್ಳುತ್ತದೆ. ಆದರೆ ತೊಳೆಯಲು ಪಂಪಿನ ಒತ್ತಡ ಬೇಕು, ಟಾಂಕಿಯಿಂದ ಇಳಿಯುವ ನೀರಿನ ಬಲ ಸಾಲದು. ಖರ್ಚೂ ಜಾಸ್ತಿ. ಅಂಗಳ ಚಿಕ್ಕದಿದ್ದವರಿಗೆ ಅದೇ ಸರಿ.

ಮರಳು ರೋಗಾಣುಗಳನ್ನು ಪೂರ್ತಿ ತಡೆಯುವುದಿಲ್ಲ. ಅದಕ್ಕೇ ಕುಡಿಯುವ ನೀರನ್ನು ಈಗಲೂ ಲಾವಂಚ ಹಾಕಿ ಕುದಿಸುತ್ತೇವೆ. ಅಮ್ಮ ಬಿಳಿ ಬಟ್ಟೆಗಳನ್ನು ಈ ಮೇ ತಿಂಗಳಲ್ಲಿ ಬೋರ್ ನೀರಿನಲ್ಲೇ ಒಗೆದರು.