ಜಿಟಿಎಕ್ಸ್ 1660 ಸೂಪರ್‌ನಲ್ಲಿ ವಿಆರ್: ಜನವರಿಯಲ್ಲಿ ಖುಷಿ, ಏಪ್ರಿಲ್‌ನಲ್ಲಿ ಪರದಾಟ

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿ ವಿಆರ್ (ವರ್ಚುವಲ್ ರಿಯಾಲಿಟಿ, ತಲೆಗೆ ಹೆಡ್‌ಸೆಟ್ ಹಾಕಿ ಆಟದ ಒಳಗೇ ಇದ್ದಂತೆ ಆಡುವುದು) ಗೇಮ್ ಆಡ್ತೇನೆ ಅಂದರೆ "ಸುಮ್ನೆ ದುಡ್ಡು ಹಾಳು ಮಾಡ್ಬೇಡ, ಇನ್ನೊಂದು ವರ್ಷ ಕಾದು ದೊಡ್ಡದೇ ತಗೋ" ಅನ್ನುವವರೇ ಜಾಸ್ತಿ. ಎರಡು ಬೇಸಿಗೆ, ಎರಡು ಮಳೆಗಾಲ ಎನ್‌ವಿಡಿಯಾ ಕಂಪನಿಯ ಈ 1660 ಸೂಪರ್ ಕಾರ್ಡ್ ಜೊತೆ ಕಳೆದ ಮೇಲೆ ನಾನು ಹೇಳುವುದು ಇಷ್ಟು: ಆಡಬಹುದು, ಚೆನ್ನಾಗಿಯೇ ಆಡಬಹುದು. ಆದರೆ ನಮ್ಮ ಕಡೆಯ ಸೆಕೆಯಲ್ಲಿ ಈ ಕಾರ್ಡ್ ಹೇಗೆ ನಡೆಯುತ್ತದೆ ಅಂತ ನಾನು ಓದಿದ ಯಾವ ವಿಮರ್ಶೆಯಲ್ಲೂ ಇರಲಿಲ್ಲ. ಕಾರ್ಡ್ ನನ್ನನ್ನು ಸತಾಯಿಸಿದ್ದು ಅದೇ ವಿಷಯದಲ್ಲಿ. ಹಾಗಾಗಿ ಬರೆಯಲೇಬೇಕು ಅನಿಸಿತು.

ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ಮದುವೆ ಆಲ್ಬಮ್ ಡಿಸೈನ್ ಮಾಡುವುದು ನನ್ನ ಕೆಲಸ, ಹಾಗಾಗಿ ಕಂಪ್ಯೂಟರ್ ಮೊದಲೇ ಇತ್ತು. ರೈಝನ್ 5 3600 ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ವ್ಯಾಟಿನ ಪವರ್ ಸಪ್ಲೈ. ದುಬೈಯಲ್ಲಿರುವ ಭಾವ ರಜೆಗೆ ಬರುವಾಗ ಅವರು ಬಳಸುತ್ತಿದ್ದ ಕ್ವೆಸ್ಟ್ 2 ವಿಆರ್ ಹೆಡ್‌ಸೆಟ್ಟನ್ನು ನನಗೇ ಕೊಟ್ಟುಬಿಟ್ಟರು. ಉಳಿದದ್ದು ಗ್ರಾಫಿಕ್ಸ್ ಕಾರ್ಡ್ ಮಾತ್ರ. ಅದಕ್ಕೆ ಹತ್ತು ಸಾವಿರದ ಮೇಲೆ ಒಂದು ರೂಪಾಯಿಯೂ ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಆಷಾಢದಲ್ಲಿ ಮದುವೆ ಇಲ್ಲ, ಆಲ್ಬಮ್ ಕೆಲಸವೂ ಇಲ್ಲ. ಆ ತಿಂಗಳುಗಳಿಗೂ ದುಡ್ಡು ಉಳಿಸಿಕೊಳ್ಳಬೇಕಲ್ಲ.

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಅನ್ನುವ ಕ್ರಿಪ್ಟೊ ಹಣ ತನ್ನ ಪದ್ಧತಿ ಬದಲಿಸಿತು, ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಅದರ ಮೈನಿಂಗ್ (ಕಾರ್ಡ್‌ಗಳನ್ನು ಹಗಲು ರಾತ್ರಿ ಲೆಕ್ಕಕ್ಕೆ ಹಚ್ಚಿ ಆ ಹಣ ಗಳಿಸುವುದು) ಅಲ್ಲಿಗೆ ನಿಂತಿತು. ಮೈನಿಂಗ್‌ಗೆ ಹಾಕಿದ್ದ ಕಾರ್ಡ್‌ಗಳು ರಾಶಿ ರಾಶಿ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದವು. 1660 ಸೂಪರ್ ಕೂಡ ಅವುಗಳಲ್ಲಿ ಒಂದು. ನನ್ನದನ್ನು ಮಂಗಳೂರಿನ ಒಂದು ಅಂಗಡಿಯಲ್ಲಿ ತೆಗೆದುಕೊಂಡೆ. ಅದೂ ಮೈನಿಂಗ್ ಮಾಡಿ ಬಂದದ್ದೇ ಅಂತ ಅಂಗಡಿಯವರು ಮುಚ್ಚುಮರೆ ಇಲ್ಲದೆ ಹೇಳಿದರು. ಎರಡು ಫ್ಯಾನ್ ಕೈಯಲ್ಲಿ ತಿರುಗಿಸಿ ನೋಡಿದೆ, ಗರಗರ ಸದ್ದಿಲ್ಲ. ಅರ್ಧ ಗಂಟೆ ಲೋಡ್ ಕೊಟ್ಟು ಓಡಿಸಲು ಬಿಟ್ಟರು. ಪರದೆಯಲ್ಲಿ ಚುಕ್ಕೆ, ಗೆರೆ ಏನೂ ಬರಲಿಲ್ಲ. ಮನೆಗೆ ತಂದೆ.

ಕಾರ್ಡ್‌ನ ತಾಂತ್ರಿಕ ವಿವರ ಎಲ್ಲ ಕಡೆ ಸಿಗುತ್ತದೆ. ವಿಆರ್‌ಗೆ ಬೇಕಾದದ್ದು ಅದರಲ್ಲಿ ಎರಡೇ. ಒಂದು, 6 ಜಿಬಿ ಮೆಮೊರಿ. ಇನ್ನೊಂದು, ಯಾರೂ ಅಷ್ಟಾಗಿ ಮಾತಾಡದ ಎನ್‌ಕೋಡರ್. ಮಾನಿಟರಿಗೆ ಇರುವಂತೆ ಕ್ವೆಸ್ಟ್ 2ಗೆ ಎಚ್‌ಡಿಎಂಐ ಇಲ್ಲ, ಡಿಸ್‌ಪ್ಲೇ ಪೋರ್ಟೂ ಇಲ್ಲ. ಕಾರ್ಡ್ ಚಿತ್ರ ಬಿಡಿಸಿದರೆ ಸಾಲದು. ಅದನ್ನು ಆ ಕ್ಷಣದಲ್ಲೇ ವಿಡಿಯೊ ಮಾಡಿ, ಯುಎಸ್‌ಬಿ ಕೇಬಲ್ ಅಥವಾ ವೈಫೈ ಮೂಲಕ ತಲೆಯ ಮೇಲಿರುವ ಹೆಡ್‌ಸೆಟ್ಟಿಗೆ ಕಳಿಸಬೇಕು. ಆ ವಿಡಿಯೊ ಮಾಡುವುದು ಎನ್‌ಕೋಡರ್. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್‌ನಲ್ಲಿ ಈ ಎನ್‌ಕೋಡರೇ ಇಲ್ಲ. ಹೊಸದು, ಕಡಿಮೆ ಬೆಲೆ ಅಂತ ಅದನ್ನು ಕ್ವೆಸ್ಟ್‌ಗಾಗಿ ತಗೋಬೇಡಿ. ಡೆಸ್ಕ್‌ಟಾಪಿನ ಮಾಮೂಲು ಜಿಟಿಎಕ್ಸ್ 1650 ಕೂಡ ಬೇಡ. 4 ಜಿಬಿ ಸಾಲುವುದಿಲ್ಲ, ಎನ್‌ಕೋಡರೂ ಹಿಂದಿನ ತಲೆಮಾರಿನದು. 1660 ಸೂಪರ್‌ನಲ್ಲಿ ಇರುವುದು ಟ್ಯೂರಿಂಗ್ ತಲೆಮಾರಿನ ಒಳ್ಳೆಯ ಎನ್‌ಕೋಡರ್. ಇಷ್ಟು ಬೆಲೆಗೆ ಅದು ದೊಡ್ಡ ಲಾಭ.

ಈಗ ಲೆಕ್ಕಕ್ಕೆ ಬರೋಣ. ಫುಲ್ ಎಚ್‌ಡಿ ಮಾನಿಟರಿನಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ಕ್ವೆಸ್ಟ್ 2ರಲ್ಲಿ ಒಂದೊಂದು ಕಣ್ಣಿಗೆ 1832×1920, ಎರಡೂ ಸೇರಿ 70 ಲಕ್ಷ. ಮೂರು ಪಟ್ಟಿಗೂ ಜಾಸ್ತಿ. 90 ಹರ್ಟ್ಜ್, ಅಂದರೆ ಸೆಕೆಂಡಿಗೆ 90 ಚಿತ್ರ ಇಟ್ಟರೆ ಒಂದು ಚಿತ್ರ ಮುಗಿಸಲು ಕಾರ್ಡ್‌ಗೆ ಸಿಗುವುದು 11.1 ಮಿಲಿಸೆಕೆಂಡ್. 72ಕ್ಕೆ ಇಳಿಸಿದರೆ 13.9. ಹೆಚ್ಚಿಗೆ ಸಿಗುವ ಈ ಎರಡು ಚಿಲ್ಲರೆ ಮಿಲಿಸೆಕೆಂಡಿನಲ್ಲೇ ಬಜೆಟ್ ಕಾರ್ಡ್‌ನ ಜೀವ ಇದೆ. ನಾನು 72 ಬಿಟ್ಟು ಮೇಲೆ ಹೋಗುವುದೇ ಇಲ್ಲ. ರೆಸೊಲ್ಯೂಶನ್ ಸ್ಲೈಡರನ್ನೂ 1.0ರಿಂದ ಒಂದು ಮೆಟ್ಟಿಲು ಕೆಳಗೆ ಇಡುತ್ತೇನೆ. ಚಿತ್ರ ತುಸು ಮಂಜಾಗುತ್ತದೆ, ನಿಜ. ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಭಾಗವತರ ಸ್ವರ ಸ್ವಲ್ಪ ಕಟ್ಟಿದ್ದರೂ ಆಟ ಕಳೆಗಟ್ಟಬಹುದು, ತಾಳ ತಪ್ಪಿದರೆ ರಂಗಸ್ಥಳದಲ್ಲಿ ವೇಷ ನಿಲ್ಲುವುದಿಲ್ಲ. ವಿಆರ್‌ನಲ್ಲಿ ತಾಳ ತಪ್ಪಿದರೆ ಹೊಟ್ಟೆ ತೊಳೆಸುತ್ತದೆ.

ಕಾರ್ಡ್‌ಗೆ ಪುರುಸೊತ್ತು ಸಾಲದಾಗ ಸ್ಪೇಸ್‌ವಾರ್ಪ್ ಅನ್ನುವ ಸೌಲಭ್ಯ ತಾನಾಗಿ ಶುರುವಾಗುತ್ತದೆ. 72ರ ಬದಲು 36 ಚಿತ್ರ ಮಾತ್ರ ನಿಜವಾಗಿ ಬಿಡಿಸಿ, ನಡುವಿನದನ್ನು ಅಂದಾಜಿನಲ್ಲಿ ತುಂಬಿಸುವುದು ಅದರ ಕೆಲಸ. ನಿಧಾನದ ಆಟಕ್ಕೆ ಪರವಾಗಿಲ್ಲ. ಕೈ ಬೀಸುವ ಆಟದಲ್ಲಿ ಕತ್ತಿಯ ಅಂಚು ಅಲುಗಾಡಿ ಎರಡೆರಡು ಕಾಣುತ್ತದೆ. ಕೀಬೋರ್ಡಿನಲ್ಲಿ ಕಂಟ್ರೋಲ್ ಹಿಡಿದು ನಂಬರ್ ಪ್ಯಾಡಿನ 1 ಒತ್ತಿದರೆ ಅದು ಆಫ್. ಹಾಡಿನ ತಾಳಕ್ಕೆ ಕತ್ತಿ ಬೀಸುವ ಬೀಟ್ ಸೇಬರ್ ಆಡುವ ಮೊದಲು ನಾನು ಮಾಡುವ ಮೊದಲ ಕೆಲಸ ಇದೇ.

ಆಟ ಶುರುವಾಗುವುದು ರಾತ್ರಿ ಊಟ ಆದ ಮೇಲೆ, ಚಾವಡಿಯಲ್ಲಿ. ಕಂಪ್ಯೂಟರ್ ಇರುವುದು ಪಕ್ಕದ ಕೋಣೆಯಲ್ಲಿ, ಬಾಗಿಲ ಸಂದಿಯಿಂದ ಐದು ಮೀಟರಿನ ಕೇಬಲ್ ಹೊರಗೆ ಬರುತ್ತದೆ. ನೆಲದಲ್ಲಿ ಬಿಟ್ಟರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮದು ಹಳೇ ಮನೆ, ಚಾವಡಿಯ ಜಂತಿಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇನ್ನೂ ಇದೆ. ಕೇಬಲನ್ನು ಅದರಿಂದ ಸಡಿಲವಾಗಿ ಇಳಿಬಿಟ್ಟಿದ್ದೇನೆ. ತಲೆಯ ಹಿಂದಿನಿಂದ ಮೇಲಕ್ಕೆ ಹೋಗುತ್ತದೆ, ಪೂರ್ತಿ ಒಂದು ಸುತ್ತು ತಿರುಗಿದರೂ ಎಳೆಯುವುದಿಲ್ಲ. ಕುರ್ಚಿ, ಅಪ್ಪನ ಪೇಪರ್ ಕಟ್ಟು, ಎಲೆ ತಟ್ಟೆ ಎಲ್ಲ ಜಗಲಿಗೆ ಹೋಗಬೇಕು. ಮಾಡು ತಗ್ಗು, ಆದ್ದರಿಂದ ಸೀಲಿಂಗ್ ಫ್ಯಾನ್ ಕಡ್ಡಾಯವಾಗಿ ಬಂದ್. ಅದರ ಬದಲು ಒಂದು ಟೇಬಲ್ ಫ್ಯಾನನ್ನು ನೆಲದಲ್ಲಿಟ್ಟು ಮುಖಕ್ಕೆ ಗಾಳಿ ಬರುವಂತೆ ತಿರುಗಿಸುತ್ತೇನೆ. ಬೆವರು ಆರುತ್ತದೆ. ಅದಕ್ಕಿಂತ ಮುಖ್ಯ ಉಪಯೋಗ ಬೇರೆ: ಹೆಡ್‌ಸೆಟ್ ಒಳಗೆ ದಿಕ್ಕು ಗೊತ್ತಾಗುವುದಿಲ್ಲ, ಗಾಳಿ ಎಲ್ಲಿಂದ ಬರುತ್ತದೆ ನೋಡಿದರೆ ಗೋಡೆ ಯಾವ ಕಡೆ ಅಂತ ತಿಳಿಯುತ್ತದೆ. ವಿಆರ್ ಆಡುವ ಎಲ್ಲರೂ ಇದನ್ನು ಮಾಡಿ ನೋಡಿ.

ಹಾಫ್ ಲೈಫ್ ಅಲಿಕ್ಸ್ ಈ ಕಾರ್ಡ್‌ನಲ್ಲಿ ಓಡುವುದನ್ನು ನೋಡಿ ನನಗೆ ನಿಜವಾಗಿ ಆಶ್ಚರ್ಯ ಆಯಿತು. 2020ರ ಮಾರ್ಚಿನಲ್ಲಿ ಬಂದ ಆಟ. ಅದು ಕೇಳುವ ಕನಿಷ್ಠ ಕಾರ್ಡ್ ಜಿಟಿಎಕ್ಸ್ 1060, 6 ಜಿಬಿ. ಅಂದರೆ ನಾವು ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗೆ ಇದ್ದೇವೆ ಅಷ್ಟೇ. ಆದರೆ ಆಟ ಮಾಡಿದವರು ತುಂಬಾ ಜಾಣರು. ಭಾರ ಜಾಸ್ತಿಯಾದ ಕ್ಷಣ ರೆಸೊಲ್ಯೂಶನ್ನನ್ನು ಆಟವೇ ತಗ್ಗಿಸಿ, ತಾಳ ತಪ್ಪದಂತೆ ನೋಡಿಕೊಳ್ಳುತ್ತದೆ. ಅದರಲ್ಲಿ ಬಾಟ್ಲಿಗಳು ಸಿಗುತ್ತವೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದರೆ ಒಳಗಿನ ದ್ರವ ಕಾಣುತ್ತದೆ. ಓರೆ ಮಾಡಿದರೆ ಓರೆಯಾಗುತ್ತದೆ, ಅಲ್ಲಾಡಿಸಿದರೆ ಸುಳಿ ಎದ್ದು ನಿಧಾನ ಇಳಿಯುತ್ತದೆ. ಶತ್ರು ಬರುವುದನ್ನೂ ಮರೆತು ಬಾಟ್ಲಿ ಅಲ್ಲಾಡಿಸುತ್ತಾ ನಿಂತ ರಾತ್ರಿಗಳಿವೆ. ಹತ್ತು ಸಾವಿರದ ಒಳಗಿನ ಹಳೇ ಕಾರ್ಡ್ ಇದನ್ನು ತೋರಿಸುತ್ತದೆ ಅಂದರೆ ಇನ್ನೇನು ಬೇಕು!

ಗೂಗಲ್ ಅರ್ತ್ ವಿಆರ್ ಉಚಿತ. ಅದನ್ನು ಹಾಕಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಮಂಡಿ ನೋವಿನಿಂದ ಅವರು ಯಾತ್ರೆ ಬಿಟ್ಟು ವರ್ಷಗಳಾದವು. ಹಿಮಾಲಯದ ಸಾಲು ಕಂಡು ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಕೇದಾರ ಯಾವ ಕಡೆ?" ಅಂತ ಕೇಳಿದರು, ಕೇದಾರನಾಥದ ಕಣಿವೆ ನೋಡಿದರು, ಬದರಿ ನೋಡಿದರು. ಕೂತು ನೋಡುವವರಿಗೆ ತಲೆ ಸುತ್ತುವುದು ಕಡಿಮೆ. ಹಿರಿಯರಿಗೆ ತೋರಿಸುವುದಾದರೆ ಕೂರಿಸಿಯೇ ತೋರಿಸಿ, ಹಾರುವ ವೇಗ ಕಡಿಮೆ ಇಡಿ.

ಇಷ್ಟು ಹೊಗಳಿದ್ದು ಡಿಸೆಂಬರ್, ಜನವರಿಯ ಕಾರ್ಡ್.

ಮಾರ್ಚ್ ಕೊನೆಗೆ ಕತೆ ಬದಲಾಯಿತು. ಅದೇ ಆಟ, ಅದೇ ಸೆಟ್ಟಿಂಗ್. ಬೀಟ್ ಸೇಬರ್‌ನಲ್ಲಿ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಮಧ್ಯೆ ಮಧ್ಯೆ ಗಕ್ಕನೆ ನಿಲ್ಲಲು ಶುರು. ಅಲಿಕ್ಸ್‌ನಲ್ಲಿ ತಲೆ ತಿರುಗಿಸಿದರೆ ಗೋಡೆ ಅರೆಕ್ಷಣ ತಡವಾಗಿ ಬರುತ್ತಿತ್ತು. ಡ್ರೈವರ್ ಹೊಸದು ಹಾಕಿದೆ, ಹಳೇದು ಹಾಕಿದೆ, ಕೇಬಲ್ ಬದಲಿಸಿದೆ. ಏನೂ ಪ್ರಯೋಜನ ಇಲ್ಲ. ಕೊನೆಗೆ ಕಾರ್ಡ್‌ನ ಬಿಸಿ, ವೇಗ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ತೆರೆದು ಗ್ರಾಫ್ ನೋಡಿದಾಗ ವಿಷಯ ಬಯಲಾಯಿತು. ರಾತ್ರಿ ಒಂಬತ್ತಕ್ಕೂ ಕೋಣೆಯಲ್ಲಿ ಬೆವರು ಇಳಿಯುವ ಸೆಕೆ. ಕಾರ್ಡ್ 80 ಡಿಗ್ರಿ ದಾಟಿ ಕೂತಿದೆ, ಫ್ಯಾನ್ ಕಿರುಚುತ್ತಿದೆ. ಬಿಸಿ ತಾಳದೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿದೆ. ಮಾನಿಟರಿನಲ್ಲಿ ಆಡುವವರಿಗೆ ಇಷ್ಟು ಇಳಿತ ಗೊತ್ತೂ ಆಗುವುದಿಲ್ಲ. ವಿಆರ್‌ನಲ್ಲಿ 13.9 ಇದ್ದದ್ದು 15 ಆದರೆ ಸಾಕು, ಆ ಚಿತ್ರ ಹೋಯಿತು.

ನನಗೆ ಸಿಟ್ಟು ಬಂದದ್ದು ಇಲ್ಲೇ. ಎಸಿ ಕೋಣೆಯಲ್ಲಿ, ತೆರೆದ ಟೇಬಲಿನಲ್ಲಿಟ್ಟು ಅಳೆದ ಅಂಕಿಗಳನ್ನು ನೋಡಿ ನಾವು ಕಾರ್ಡ್ ತೆಗೆದುಕೊಳ್ಳುತ್ತೇವೆ. ಕರಾವಳಿಯ ಏಪ್ರಿಲ್ ತಿಂಗಳಿಗೆ ಆ ಅಂಕಿ ಹೊಂದುವುದಿಲ್ಲ. ಬಜೆಟ್ ಕಾರ್ಡ್ ತೆಗೆದುಕೊಳ್ಳುವವನ ಮನೆಯಲ್ಲಿ ಎಸಿ ಇರುವುದಿಲ್ಲ ಅನ್ನುವುದು ಅಷ್ಟೂ ಹೊಳೆಯದ ವಿಷಯವಾ?

ಪರಿಹಾರ ಮಾತ್ರ ಸುಲಭ, ಖರ್ಚೂ ಕಡಿಮೆ. ಪುತ್ತೂರಿನಲ್ಲಿ ಪರಿಚಯದ ರಿಪೇರಿಯವರು ಕಾರ್ಡ್ ಬಿಚ್ಚಿ ತೋರಿಸಿದರು. ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಉಗುರಿಗೆ ಪುಡಿಯಾಗಿ ಬರುತ್ತಿತ್ತು. ಮೈನಿಂಗ್‌ನಲ್ಲಿ ಹಗಲು ರಾತ್ರಿ ದುಡಿದ ಕಾರ್ಡ್ ಅಲ್ವಾ. ಹೊಸ ಪೇಸ್ಟ್ ಹಾಕಿಸಿದೆ. ಮನೆಗೆ ಬಂದು ಆಫ್ಟರ್‌ಬರ್ನರ್‌ನಲ್ಲಿ ಅಂಡರ್‌ವೋಲ್ಟ್ ಮಾಡಿದೆ, ಅಂದರೆ ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸಿದೆ. ನನ್ನ ಕಾರ್ಡ್ 1800 ಮೆಗಾಹರ್ಟ್ಜ್ ವೇಗಕ್ಕೆ 875 ಮಿಲಿವೋಲ್ಟ್‌ನಲ್ಲಿ ತಕರಾರಿಲ್ಲದೆ ನಿಂತಿತು. ನಿಮ್ಮದು ಅಷ್ಟಕ್ಕೇ ನಿಲ್ಲಬೇಕಂತಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿ. ಕಂಪನಿ ಹೇಳುವ ಬೂಸ್ಟ್ ವೇಗವೇ 1785, ಹಾಗಾಗಿ ಇದರಲ್ಲಿ ಕಳೆದುಕೊಂಡದ್ದು ಏನೂ ಇಲ್ಲ. ಬಿಸಿ 70ರ ಆಸುಪಾಸಿಗೆ ಇಳಿಯಿತು, ಫ್ಯಾನಿನ ಕಿರುಚಾಟ ನಿಂತಿತು, ತಾಳ ಮತ್ತೆ ಕೂಡಿತು. ಏಪ್ರಿಲ್, ಮೇ ತಿಂಗಳಿಗೆ ರೆಸೊಲ್ಯೂಶನ್ ಇನ್ನೊಂದು ಮೆಟ್ಟಿಲು ಕೆಳಗಿಡುತ್ತೇನೆ. ಮಳೆ ಹಿಡಿದ ಮೇಲೆ ಪುನಃ ಮೇಲೆ.

ಮಳೆಗಾಲದ ಕಾಟ ಬೇರೆ. ಕಾರ್ಡ್ ತಣ್ಣಗಿರುತ್ತದೆ, ಆದರೆ ಹೆಡ್‌ಸೆಟ್ಟಿನ ಲೆನ್ಸಿಗೆ ಬೂಸರು ಹಿಡಿಯುವ ಭಯ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲೇ ಇಡುತ್ತೇನೆ. ನಮ್ಮಲ್ಲಿ ಬಿಸಿಲು ಕಂಡ ಕೂಡಲೇ ಇದ್ದಬದ್ದದ್ದನ್ನೆಲ್ಲ ಅಂಗಳಕ್ಕೆ ಹಾಕಿ ಒಣಗಿಸುವುದು ರೂಢಿ. ಹೆಡ್‌ಸೆಟ್ಟನ್ನು ಮಾತ್ರ ಯಾವ ಕಾರಣಕ್ಕೂ ಬಿಸಿಲಿಗೆ ಇಡಬೇಡಿ. ಲೆನ್ಸ್ ಬಿಸಿಲನ್ನು ಒಂದೇ ಕಡೆ ಸೇರಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಮನೆಯವರಿಗೂ ಮೊದಲೇ ಹೇಳಿಡಿ, ಒಳ್ಳೆಯದು ಮಾಡಲು ಹೋಗಿ ಯಾರಾದರೂ ಇಟ್ಟಾರು. ಗುಡುಗು ಶುರುವಾದರೆ ಪ್ಲಗ್ ಕಿತ್ತು ಮಲಗುವುದೇ.

ಈ ಕಾರ್ಡ್ ಎಲ್ಲಿ ಸೋಲುತ್ತದೆ ಅನ್ನುವುದನ್ನೂ ಹೇಳಬೇಕು. 6 ಜಿಬಿ ಈಗಲೇ ಬಿಗಿ. ಅಲಿಕ್ಸ್‌ನಲ್ಲಿ ಗುಣಮಟ್ಟ ಮೀಡಿಯಂನಿಂದ ಮೇಲೇರಿಸಿದರೆ ಹೊಸ ಕೋಣೆಗೆ ಕಾಲಿಡುವಾಗ ತಡವರಿಸುತ್ತದೆ. ಕಾರ್ ರೇಸಿನ ಆಟ ಅಸೆಟ್ಟೊ ಕೋರ್ಸಾದಲ್ಲಿ ಒಬ್ಬನೇ ಸುತ್ತು ಹೊಡೆಯುವುದಾದರೆ ಸೊಗಸು, ಟ್ರ್ಯಾಕ್ ತುಂಬ ಕಾರು ಬಿಟ್ಟರೆ ಸ್ಪೇಸ್‌ವಾರ್ಪ್ ಬೇಕೇ ಬೇಕು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಡುವ ಆಸೆ ಇದ್ದವರು ಈ ಕಾರ್ಡ್ ಕಡೆ ತಿರುಗಿಯೂ ನೋಡಬೇಡಿ. ಅದಕ್ಕೆ ಇದು ಆಗುವುದೇ ಇಲ್ಲ.

ಈಗ ತೆಗೆದುಕೊಳ್ಳುವವರಿಗೆ: 1060 ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಆ ತಲೆಮಾರಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ. ಕಚೇರಿಯ ಹಳೇ ಕಂಪ್ಯೂಟರ್, ಪವರ್ ಸಪ್ಲೈ ಸಣ್ಣದು ಅನ್ನುವವರಿಗೆ 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿ ಇದೆ, ಬೇರೆ ಪವರ್ ಕೇಬಲ್ ಬೇಡ, ಬಿಸಿಯೂ ಕಡಿಮೆ. ನಮ್ಮ ಊರಿಗೆ ಅದು ಲಾಯಕ್ಕಾದ ಕಾರ್ಡ್. ಆರ್‌ಎಕ್ಸ್ 6600 ಶಕ್ತಿಯಲ್ಲಿ ನನ್ನದಕ್ಕಿಂತ ಎಷ್ಟೋ ಮೇಲೆ, 8 ಜಿಬಿ ಬೇರೆ. ಆದರೆ ಅದರ ಎನ್‌ಕೋಡರ್ ಇದರಷ್ಟು ಚೆನ್ನಾಗಿಲ್ಲ, ಕತ್ತಲೆಯ ದೃಶ್ಯದಲ್ಲಿ ಚಿತ್ರ ಕಲಸಿದಂತಾಗಬಹುದು. ಹೆಡ್‌ಸೆಟ್ ಇದ್ದವರು ಅದನ್ನೂ ಕೇಬಲನ್ನೂ ಅಂಗಡಿಗೇ ತೆಗೆದುಕೊಂಡು ಹೋಗಿ, ಕಾರ್ಡ್ ಹಾಕಿಸಿ, ಅರ್ಧ ಗಂಟೆ ಆಡಿ ನೋಡಿ. ಒಪ್ಪದ ಅಂಗಡಿಯಿಂದ ಹಳೇ ಕಾರ್ಡ್ ತೆಗೆದುಕೊಳ್ಳಬೇಡಿ. ಸಾಧ್ಯವಾದರೆ ಏಪ್ರಿಲ್‌ನಲ್ಲೇ ಹೋಗಿ.