ನಲಿಕಲಿ ಕೊಠಡಿಯ ಏಣಿ, ತಟ್ಟೆ, ಚಪ್ಪರ: ಹನ್ನೊಂದು ವರ್ಷ ಬಳಸಿದ ಮೇಲೆ

ನಲಿಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ನೆರವಿನಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಅದರ ಸಾಮಗ್ರಿಯನ್ನು ಹನ್ನೊಂದು ವರ್ಷದಿಂದ ದಿನಾ ಬಳಸುತ್ತಿದ್ದೇನೆ. ನಮ್ಮದು ಇಬ್ಬರೇ ಟೀಚರ್ ಇರುವ ಸರ್ಕಾರಿ ಶಾಲೆ. ಒಂದರಿಂದ ಮೂರನೇ ತರಗತಿವರೆಗೆ ಹತ್ತೊಂಬತ್ತು ಮಕ್ಕಳು ನನ್ನ ಕೊಠಡಿಯಲ್ಲಿದ್ದಾರೆ. ಕಾರ್ಡು ಹೇಗಿದೆ, ಬಾಳಿಕೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಅದರ ಹೆಸರುಗಳ ಬಗ್ಗೆ ಹೇಳಬೇಕು. ಏಣಿ, ಮೈಲಿಗಲ್ಲು, ತಟ್ಟೆ, ಚಪ್ಪರ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಶುರು ಮಾಡಿದ ಪದ್ಧತಿ ಇದು. ಹೆಸರುಗಳಲ್ಲೂ ಊರಿನ ವಾಸನೆ ಇದೆ.

ಏಣಿ ಅಂದರೆ ಕಲಿಕೆಯ ಹಂತಗಳ ಪಟ, ಗೋಡೆಯ ಮೇಲಿದೆ. ಮೆಟ್ಟಿಲಿಗೊಂದು ಚಿತ್ರ, ಒಂದು ಸಂಖ್ಯೆ. ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಮಗು ತನ್ನ ಮೆಟ್ಟಿಲು ನೋಡಿಕೊಂಡು ಅದೇ ಚಿತ್ರದ ಕಾರ್ಡು ಹುಡುಕಿ ತರುತ್ತದೆ. ಮೊದಲು ಕಲಿಯುವುದು ರ, ಗ, ಸ, ದ, ಅ. ಈ ಐದರಲ್ಲೇ ಅರಸ, ಸರ, ಗರಗಸ ಎಲ್ಲ ಓದಬಹುದು. ಜ್ವರ ಬಂದು ಹದಿನೈದು ದಿನ ಮನೆಯಲ್ಲಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಇದು ತುಂಬಾ ದೊಡ್ಡ ಅನುಕೂಲ.

ಆದರೆ ಏಣಿ ಅಂದ ಕೂಡಲೇ ಯಾರು ಮೇಲೆ, ಯಾರು ಕೆಳಗೆ ಅಂತ ಕಣ್ಣು ಹೋಗುತ್ತದೆ ಅಲ್ವಾ? ಹೋದ ವರ್ಷ ಒಬ್ಬಳು ಹುಡುಗಿ ಬಹಳ ದಿನ ಒಂದೇ ಮೈಲಿಗಲ್ಲಿನಲ್ಲಿ ನಿಂತಿದ್ದಳು. "ಮಿಸ್, ನಾನಿನ್ನೂ ಅಲ್ಲೇ ಇದೀನಾ?" ಅಂತ ಕೇಳುತ್ತಿದ್ದಳು. ಅದೇ ದಿನಗಳಲ್ಲಿ ಅವಳು ಪಕ್ಕದ ಹುಡುಗನಿಗೆ ಓದಿಸುತ್ತಿದ್ದಳು. ಕಾರ್ಡಿನ ಮೇಲೆ ಬೆರಳಿಟ್ಟು, ಗ, ರ, ಗ, ಸ ಅಂತ. ಆ ಬೆರಳಿಗೆ ಏಣಿಯಲ್ಲಿ ಮೆಟ್ಟಿಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಟ್ಟೆ. ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅನ್ನುತ್ತೇವೆ. ಒಂದನೇ ತಟ್ಟೆಯವರ ಜೊತೆ ನಾನು ಪೂರ್ತಿ ಇರಬೇಕು. ಎರಡನೆಯದಕ್ಕೆ ಸ್ವಲ್ಪ ಸಾಕು. ಆಮೇಲೆ ಸಹಪಾಠಿಗಳ ನೆರವು, ಕೊನೆಗೆ ಸ್ವಕಲಿಕೆ. ಮೊದಲ ವರ್ಷ ನಾನು ಎಲ್ಲ ತಟ್ಟೆಗೂ ಓಡುತ್ತಿದ್ದೆ. ಮಧ್ಯಾಹ್ನಕ್ಕೆ ಗಂಟಲು ಕಟ್ಟುತ್ತಿತ್ತು. ನಮ್ಮ ಬಿಸಿಯೂಟದ ಅಡುಗೆಯಮ್ಮ ಬಡಿಸುವುದನ್ನು ನೋಡಿದ ಮೇಲೆ ಈ ಹೆಸರು ಅರ್ಥವಾಯಿತು. ಸೌಟು ಹಿಡಿದು ಸಾಲಿನಲ್ಲಿ ಬರುವಾಗ ಅವರು ಮೊದಲು ತಟ್ಟೆ ನೋಡುತ್ತಾರೆ, ಆಮೇಲೆ ಮುಖ. ಅನ್ನ ಮುಟ್ಟದೆ ಕೂತವನ ಹತ್ತಿರ ಬಗ್ಗಿ ಸಾರು ಕಲಸಿಕೊಡುತ್ತಾರೆ. ಚೆನ್ನಾಗಿ ಉಣ್ಣುತ್ತಿರುವವನನ್ನು ಮಾತಾಡಿಸದೆ ಸುಮ್ನೆ ಮುಂದೆ ಹೋಗುತ್ತಾರೆ. ಹಾಗೆ ಮುಂದೆ ಹೋಗುವುದು ನನಗೆ ಬರುತ್ತಿರಲಿಲ್ಲ. ಈಗ ಸ್ವಕಲಿಕೆಯವರ ಪಕ್ಕ ನಿಂತರೂ ಬಾಯಿ ಹಾಕುವುದಿಲ್ಲ.

ತರಬೇತಿಯಲ್ಲಿ ನಮ್ಮನ್ನು ಸುಗಮಕಾರರು, ಅಂದರೆ ಕಲಿಕೆಗೆ ನೆರವಾಗುವವರು, ಅನ್ನುತ್ತಾರೆ. ಆ ಪದ ಕೇಳಿದರೆ ನನ್ನ ಕಣ್ಣಿಗೆ ಯಾವ ಚಿತ್ರವೂ ಬರುವುದಿಲ್ಲ. ಬಡಿಸುವವರು ಅಂದರೆ ಬರುತ್ತದೆ.

ಚಪ್ಪರದ ಬಗ್ಗೆ ಇಷ್ಟೇ: ತಲೆ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನು ತೂಗುಹಾಕುತ್ತೇವೆ. ಮದುವೆ ಮನೆ ಥರ ಕಳೆ ಬರುತ್ತದೆ. ಮಕ್ಕಳ ಕಣ್ಣಿಗೆ ಕಾಣುವಷ್ಟು ತಗ್ಗಿಸಿ ಕಟ್ಟಿ.

ಹೊಸದಾಗಿ ನಲಿಕಲಿಗೆ ಬರುವ ಟೀಚರುಗಳು ಇದನ್ನು ಮನಸ್ಸಿಟ್ಟು ಬಳಸಿ. ಆದರೆ ಏಣಿಯ ಪಕ್ಕ ಒಂದು ಬಿಳಿ ಹಾಳೆ ಅಂಟಿಸಿ. ಯಾರು ಯಾರಿಗೆ ಕಲಿಸಿದರು ಅಂತ ನಮ್ಮ ಮಕ್ಕಳು ಅದರಲ್ಲಿ ತಾವೇ ಬರೆಯುತ್ತಾರೆ. ಹೋದ ವರ್ಷದ ಹಾಳೆಯಲ್ಲಿ ಆ ಹುಡುಗಿಯ ಹೆಸರು ಏಳು ಸಲ ಇದೆ.